ಅಕ್ಕನ ಓಟ್ಸ್ ಬಿಲ್ಲೆ

ಭಾವ ಕುದುರೆಗೆ ಹೊಡೆಯುವುದನ್ನು ನಾನು ಮೊದಲು ಕಂಡದ್ದು ಅಕ್ಕನ ಮನೆಗೆ ಇರಲು ಬಂದ ದಿನವೇ. ಗಾಡಿಯಿಂದ ಇನ್ನೂ ಇಳಿದಿರಲಿಲ್ಲ. ಲಾಯದ ಮುಂದಿನ ಬಯಲಿನಲ್ಲಿ ಒಂದು ಎಳೆಯ ಕುದುರೆಯ ಮುಂಗಾಲನ್ನು ಮಡಿಸಿ ಹಗ್ಗದಲ್ಲಿ ಬಿಗಿದಿದ್ದರು. ಅದು ಉಳಿದ ಕಾಲುಗಳ ಮೇಲೆ ಕುಪ್ಪಳಿಸುತ್ತಾ ಸುತ್ತುತ್ತಿತ್ತು. ಭಾವ ಒಂದು ಕೈಯಲ್ಲಿ ಕಡಿವಾಣ ಹಿಡಿದು, ಇನ್ನೊಂದು ಕೈಯಲ್ಲಿ ಚಾವಟಿಯನ್ನು ಹಿಂದುಮುಂದಾಗಿ ಹಿಡಿದು, ಅದರ ಮರದ ಹಿಡಿಯಿಂದ ಕುದುರೆಯ ಕಿವಿಯ ಹಿಂದೆ ಬಾರಿಸುತ್ತಿದ್ದ. ಒಂದೇ ಜಾಗಕ್ಕೆ, ಮತ್ತೆ ಮತ್ತೆ. ಕೊನೆಗೆ ಅದು ಮಂಡಿಯೂರಿ ಪಕ್ಕಕ್ಕೆ ಉರುಳಿತು. ಬಾಯಿಂದ ಬಂದ ನೊರೆ ಕೆಂಪಗಿತ್ತು. ಭಾವ ಅದರ ಕತ್ತಿನ ಮೇಲೆ ಕೂತು ಬೀಡಿ ಹಚ್ಚಿದ. ಆಮೇಲೆ ನಮ್ಮ ಗಾಡಿಯ ಕಡೆ ತಿರುಗಿ, "ಬಾರವ್ವ, ನಿಮ್ಮಕ್ಕ ಒಳಗವ್ಳೆ" ಅಂದ.

ಭಾವನನ್ನು ಬಹುವಚನದಲ್ಲಿ ಬರೆಯಬೇಕು. ಎದುರಿಗೆ ಹಾಗೆಯೇ ಮಾತಾಡಿಸುತ್ತಿದ್ದೆ. ಬರೆಯುವಾಗ ನನ್ನ ಕೈಗೆ ಅದು ಬರುವುದಿಲ್ಲ.

ನಮ್ಮಪ್ಪ ದೊಡ್ಡಮಳೂರಿನ ಬೇಸಾಯಗಾರ. ಹೆಣ್ಣುಮಕ್ಕಳಿಗೂ ಊರಿನ ಕೂಲಿಮಠದಲ್ಲಿ ಅಕ್ಷರ ಕಲಿಸಿದ. ಅಕ್ಕನನ್ನು ದೂರದ ಸಂಬಂಧದಲ್ಲೇ ಕುದುರೆ ಪಳಗಿಸುವವನಿಗೆ ಕೊಟ್ಟ, ನನ್ನನ್ನು ಮಾಗಡಿಗೆ ಕೊಟ್ಟ. ಮಾಗಡಿಯಲ್ಲಿ ಪ್ಲೇಗು ಬಂದ ವರ್ಷ ನನ್ನ ಗಂಡ ಊರ ಹೊರಗಿನ ಗುಡಿಸಲಿನಲ್ಲಿ ತೀರಿಕೊಂಡ. ಅತ್ತೆ ಮನೆಯವರು ನನ್ನ ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟರು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. ಹಾಗಾಗಿ ನಾನು ಅಕ್ಕನ ಹತ್ತಿರ ಬಂದೆ.

ಈಗ ರಾಮನಗರ ಅನ್ನುವ ಊರನ್ನು ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಊರಾಚೆ ಬಂಡೆಗಳ ಬುಡದಲ್ಲಿ ಒಬ್ಬ ಬಿಳಿಯ ದೊರೆಯ ಬಂಗಲೆ, ಅದರ ಹಿಂದೆ ಉದ್ದನೆಯ ಲಾಯ, ಲಾಯದ ಹಿಂದೆ ಆಳುಗಳ ಮನೆಗಳ ಸಾಲು. ದೊರೆ ರೇಸಿಗೆಂದು ಕುದುರೆ ಸಾಕುತ್ತಿದ್ದ. ಭಾವ ಲಾಯದ ಆಳುಗಳಿಗೆ ಯಜಮಾನ. ಅಕ್ಕ ದೊರೆಸಾನಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ನನ್ನನ್ನೂ ಅಲ್ಲಿಗೇ ಸೇರಿಸಿದಳು.

ದೊರೆಸಾನಿ ತಮ್ಮ ಊರಿನ ಒಂದು ತಿಂಡಿಯನ್ನು ವಾರವಾರವೂ ಮಾಡಿಸುತ್ತಿದ್ದರು. ಓಟ್ಸ್ ಅನ್ನುವ ಧಾನ್ಯ, ಬೆಣ್ಣೆ, ಸೀಮೆಯಿಂದ ಡಬ್ಬಿಯಲ್ಲಿ ಬರುತ್ತಿದ್ದ ಹೊಂಬಣ್ಣದ ಸಕ್ಕರೆ ಪಾಕ. ಮೂರನ್ನೂ ಕಲಸಿ, ತಗಡಿನ ತಟ್ಟೆಗೆ ಒತ್ತಿ, ಇಟ್ಟಿಗೆಯ ಗೂಡಿನೊಳಗೆ ಕೆಂಡದ ಕಾವಿನಲ್ಲಿ ಬೇಯಿಸಿದರೆ ಕಂದುಬಣ್ಣಕ್ಕೆ ಬರುತ್ತಿತ್ತು. ಅದನ್ನು ಚೌಕವಾಗಿ ಕತ್ತರಿಸಿ ಜೇಬಿಗೆ ಹಾಕಿಕೊಂಡು ದೊರೆ ಕುದುರೆ ಏರುತ್ತಿದ್ದ. ಅದಕ್ಕೆ ಅವರ ಭಾಷೆಯಲ್ಲಿ ಏನೋ ಹೆಸರಿತ್ತು. ನಮ್ಮ ನಾಲಿಗೆಗೆ ಹತ್ತಲಿಲ್ಲ. ಅಕ್ಕ ಓಟ್ಸ್ ಬಿಲ್ಲೆ ಅಂದಳು, ಎಲ್ಲರೂ ಹಾಗೇ ಅಂದರು.

ಯುರೋಪಿನಲ್ಲಿ ಯುದ್ಧ ಶುರುವಾಯಿತು. ಅದರಿಂದ ನಮ್ಮ ಅಂಗಳದಲ್ಲಿ ಎರಡು ಬದಲಾವಣೆ ಆದವು. ಸೀಮೆಯ ಪಾಕದ ಡಬ್ಬಿ ಬರುವುದು ನಿಂತಿತು. ದಂಡಿನವರಿಗೆ ಕುದುರೆಗಳು ಬೇಕಾದವು, ಬೇಗ ಬೇಕಾದವು.

ಮೊದಲು ಒಂದು ಕುದುರೆಯನ್ನು ಪಳಗಿಸಲು ಭಾವ ಒಂದು ಮಳೆಗಾಲವನ್ನೇ ತೆಗೆದುಕೊಳ್ಳುತ್ತಿದ್ದನಂತೆ. ಆಗಲೂ ಹೊಡೆಯುತ್ತಿದ್ದ, ಆದರೆ ನಡುವೆ ಬೆಲ್ಲವನ್ನೂ ತಿನ್ನಿಸುತ್ತಿದ್ದ ಅಂತ ಅಕ್ಕ ಹೇಳುತ್ತಿದ್ದಳು. ಈಗ ಕಾಡುಕುದುರೆಗಳ ಹಾಗಿದ್ದವನ್ನು ಹಿಂಡುಗಟ್ಟಲೆ ತಂದು ಬಿಡುತ್ತಿದ್ದರು. ದೊರೆ ಬಂದು ಗದರುತ್ತಿದ್ದ, ಭಾವ ಅವನ್ನು ಬಡಿಯುತ್ತಿದ್ದ. ಒಂದು ಹೆಣ್ಣುಕುದುರೆ ಅವನ ಭುಜವನ್ನು ಕಚ್ಚಿ ಮಾಂಸ ಕಿತ್ತಿತು. ಇನ್ನೊಂದು ಲಾಯದ ಆಳೊಬ್ಬನನ್ನು ಗೋಡೆಗೆ ಒತ್ತಿ ಪಕ್ಕೆಲುಬು ಮುರಿಯಿತು. ಅವನು ಬಾಯಲ್ಲಿ ರಕ್ತ ಕಾರುತ್ತಾ ಸಂಜೆಯ ಹೊತ್ತಿಗೆ ಸತ್ತ. ಕಾಲು ಮುರಿದ ಕುದುರೆಗಳನ್ನು ದೊರೆ ತಾನೇ ಬಂದೂಕಿನಿಂದ ಹೊಡೆಯುತ್ತಿದ್ದ. ಗುಂಡಿನ ಸದ್ದಿಗೆ ಬಂಡೆಯ ಮೇಲಿನ ಹದ್ದುಗಳು ಹೆದರಿ ಹಾರಿಹೋಗುತ್ತಿರಲಿಲ್ಲ, ಕೆಳಗಿಳಿದು ಬರುತ್ತಿದ್ದವು.

ಲಾಯದಲ್ಲಿ ಮುಗಿಯದೆ ಉಳಿದದ್ದನ್ನು ಭಾವ ಮನೆಗೆ ತರುತ್ತಿದ್ದ. ಅಕ್ಕನಿಗೆ ಹೊಡೆಯಲು ಕಾರಣ ಬೇಕಾಗಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚು, ನೀರು ತಣ್ಣಗಿದೆ, ಬಾಗಿಲು ತೆಗೆಯಲು ತಡ. ಕುದುರೆ ಏರುವಾಗ ಕಾಲಿಡುವ ರಿಕಾಪಿನ ತೊಗಲು ಪಟ್ಟಿ ಬಾಗಿಲ ಹಿಂದೆ ಮೊಳೆಯಲ್ಲಿ ತೂಗುತ್ತಿತ್ತು. ಒಂದು ಸಲ ಅದರ ಕಬ್ಬಿಣದ ಕೊಂಡಿ ತಗುಲಿ ಅಕ್ಕನ ಮುಂದಿನ ಹಲ್ಲು ಹೋಯಿತು. ಅವಳು ಅದನ್ನು ಅಂಗೈಗೆ ಉಗುಳಿ, ನೋಡಿ, ಒಲೆಯೊಳಗೆ ಹಾಕಿದಳು. ನಾನು ಅಡ್ಡ ಹೋದರೆ ನನಗೂ ಬೀಳುತ್ತಿತ್ತು.

"ಯಾಕಕ್ಕ ಇಲ್ಲಿ ಇರ್ಬೇಕು? ಓಗಾನ ಎಲ್ಲಾದ್ರೂ" ಅಂದೆ ಒಂದು ದಿನ.

"ಎಲ್ಲಿಗೋಗೀಯೆ? ನಿನ್ನ ಅತ್ತೆ ಮನೇಗಾ?" ಅಂದಳು. ಆಮೇಲೆ ಮಾತು ಬದಲಾಯಿಸಿ, "ಆ ಬೆಲ್ಲ ಒಸಿ ಕುಟ್ಟಿಕೊಡು" ಅಂದಳು.

ಬೆಲ್ಲ ಕುಟ್ಟುತ್ತಿದ್ದದ್ದು ಓಟ್ಸ್ ಬಿಲ್ಲೆಗೆ. ದೊರೆಸಾನಿಯ ಒಬ್ಬನೇ ಮಗ ಯುದ್ಧಕ್ಕೆ ಹೋಗಿದ್ದ. ಅವನಿಗೆ ಬಿಲ್ಲೆಗಳನ್ನು ತಗಡಿನ ಡಬ್ಬಿಯಲ್ಲಿ ಕಳಿಸಬೇಕೆಂದು ಅವರ ಆಸೆ. ಸೀಮೆಯ ಪಾಕ ಇಲ್ಲದ್ದರಿಂದ ಬೆಲ್ಲ ಹಾಕಿ ಮಾಡಿಸಿದರು. ರುಚಿ ಚೆನ್ನಾಗಿಯೇ ಇತ್ತು, ಆದರೆ ತಟ್ಟೆಯಿಂದ ತೆಗೆಯುವಾಗಲೇ ಉದುರಿಹೋಗುತ್ತಿತ್ತು. ಹಾಗೇ ಕಳಿಸಿದ ಮೊದಲ ಡಬ್ಬಿ ಮಗನ ಕೈ ಸೇರುವಾಗ ಒಳಗೆ ಬರೀ ಪುಡಿ ಇತ್ತಂತೆ. ದೊರೆಸಾನಿ ಅಕ್ಕನನ್ನು ಕರೆದು, ತಮ್ಮ ಅರೆಬರೆ ಕನ್ನಡದಲ್ಲಿ, "ಮುರಿಬಾರದು. ದೂರ ಹೋಗಬೇಕು. ನೀನು ನೋಡು" ಅಂದರು. ಕುದುರೆಗೆ ತರಿಸಿದ್ದ ಓಟ್ಸಿನಲ್ಲೇ ಒಂದು ಚೀಲ ಕೊಟ್ಟು, ಮನೆಯಲ್ಲೂ ಮಾಡಿ ನೋಡಲು ಹೇಳಿದರು.

ನಾವಿಬ್ಬರೂ ಆ ಓಟ್ಸನ್ನು ಒರಳಲ್ಲಿ ಕುಟ್ಟಿ, ಕೇರಿ, ಹೊಟ್ಟು ತೆಗೆದು, ಹುರಿದು ಏನೇನೋ ಮಾಡಿದೆವು. ಕಾಳು ಇಡಿಯಾಗಿದ್ದರೆ ಅಂಟುತ್ತಿರಲಿಲ್ಲ. ತೀರ ನುಣ್ಣಗಾದರೆ ಇಟ್ಟಿಗೆಯಾಗುತ್ತಿತ್ತು. ಬೆಲ್ಲ ಬರೀ ಕರಗಿದ್ದರೆ ಬೆಂದ ಮೇಲೆ ಮರಳು. ಬಿಸಿಯಲ್ಲೇ ಕತ್ತರಿಸಿದರೆ ಕತ್ತಿಯ ಜೊತೆಗೇ ಅರ್ಧ ಬರುತ್ತಿತ್ತು. ಅಕ್ಕ ಊದಿದ ಮಣಿಕಟ್ಟಿನಲ್ಲೇ ಸೌಟು ತಿರುಗಿಸುತ್ತಿದ್ದಳು. ಕೆಡಿಸಿದ್ದನ್ನೆಲ್ಲ ನಾವೂ ಪಕ್ಕದ ಮನೆಯ ಬೂಬಮ್ಮನೂ ಕೂತು ತಿನ್ನುತ್ತಿದ್ದೆವು. ಬೂಬಮ್ಮ ಕುದುರೆಗೆ ಲಾಳ ಕಟ್ಟುವ ಸಾಹೇಬರ ಹೆಂಡತಿ, ಚನ್ನಪಟ್ಟಣದ ಕಡೆಯವಳು. "ನಮ್ದು ಹಲ್ಲಿಗೆ ಪುಡಿನೇ ಚೆನ್ನಾಗೈತೆ, ನೀವು ಗಟ್ಟಿ ಮಾಡಬ್ಯಾಡಿ" ಅನ್ನುತ್ತಿದ್ದಳು. ಆ ಮನೆಯಲ್ಲಿ ನಾವು ನಕ್ಕದ್ದು ಆ ಹೊತ್ತುಗಳಲ್ಲಿ ಮಾತ್ರ.

ದಂಡಿನ ಅಧಿಕಾರಿಗಳು ಕುದುರೆ ಆರಿಸಲು ಬಂದ ದಿನ ಬಂಗಲೆಯ ಅಡುಗೆಮನೆ ತುಂಬ ಔತಣದ ಕೆಲಸ. ಬಟ್ಲರನೇ ಎಲ್ಲ ನೋಡಿಕೊಳ್ಳುತ್ತಿದ್ದ. ದೊರೆಸಾನಿ ನಮ್ಮನ್ನು ಬಿಲ್ಲೆ ಮಾಡಿ ನೋಡಲು ಮನೆಗೆ ಕಳಿಸಿದರು. ಊಟದ ಹೊತ್ತು ಕಳೆದಿತ್ತು. ಅಕ್ಕ ತಟ್ಟೆಗೆ ಬೆಣ್ಣೆ ಸವರುತ್ತಿದ್ದಳು. ನಾನು ಒಲೆಯ ಮುಂದೆ ಹಿತ್ತಾಳೆ ಬೋಗುಣಿಯಲ್ಲಿ ಪಾಕ ನೋಡುತ್ತಿದ್ದೆ. ಬೆಲ್ಲ ಉಕ್ಕಿ, ಗುಳ್ಳೆಗಳು ದೊಡ್ಡದಾಗಿ, ಮತ್ತೆ ಚಿಕ್ಕದಾಗಿ ಒತ್ತೊತ್ತಾಗಿ ಏಳುತ್ತಿದ್ದವು.

ಅತ್ತ ಬಯಲಿನಲ್ಲಿ ಏನಾಯಿತು ಅನ್ನುವುದು ಆಮೇಲೆ ತಿಳಿಯಿತು. ಅಧಿಕಾರಿಗಳ ಎದುರಿಗೆ ಒಂದು ಕುದುರೆ ಭಾವನನ್ನು ಎತ್ತಿ ಎಸೆಯಿತು. ಅವನು ಎದ್ದು ಅದರ ಕಣ್ಣಿಗೆ ಚಾವಟಿ ಬೀಸಿದ. ಕುದುರೆಯ ಕಣ್ಣು ಹೋಯಿತು. ಮಾರಾಟಕ್ಕೆ ನಿಲ್ಲಿಸಿದ್ದ ಕುದುರೆ ಕೆಟ್ಟಿತೆಂದು ದೊರೆ ಎಲ್ಲರೆದುರು ಕೈಯಲ್ಲಿದ್ದ ಬೆತ್ತದಿಂದ ಭಾವನ ಮುಖಕ್ಕೆ ಅಡ್ಡವಾಗಿ ಹೊಡೆದ. ಅಧಿಕಾರಿಗಳಲ್ಲಿ ಯಾರೋ ನಕ್ಕರಂತೆ.

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ತಿರುಗಿದೆ. ಭಾವನ ಕೆನ್ನೆಯಿಂದ ಗದ್ದದವರೆಗೆ ಬೆತ್ತದ ಬರೆ ಎದ್ದು ರಕ್ತ ಜಿನುಗುತ್ತಿತ್ತು. ಅವನು ನೆಲದಲ್ಲಿದ್ದ ಓಟ್ಸಿನ ಮೊರವನ್ನು ಒದ್ದ. ಕಾಳು ಗೋಡೆಗೆಲ್ಲ ಚೆಲ್ಲಾಡಿತು.

"ಕುದ್ರೆ ಬಾಯಿಂದ ಕಿತ್ಕೊಂಡು ತಿಂತೀರೇನ್ಲೇ, ಮುಂಡೇರಾ?"

"ಅಮ್ಮಾವ್ರೇ ಕೊಟ್ಟವ್ರೆ. ನಿಮಗೂ ಗೊತ್ತಲ್ಲ" ಅಂದಳು ಅಕ್ಕ.

ಅವನಿಗೆ ಗೊತ್ತಿತ್ತು. ಅಕ್ಕನ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳನ್ನು ಒಲೆಯ ಕಡೆಗೆ ಎಳೆದ. ಇನ್ನೊಂದು ಕೈಯಿಂದ ಅವಳ ಕತ್ತನ್ನು ಬಗ್ಗಿಸಿದ. ಅವಳು ಎರಡು ಕೈಯನ್ನೂ ಒಲೆಯ ಅಂಚಿಗೆ ಊರಿ ತಡೆಯುತ್ತಿದ್ದಳು. ಅವನು ಅವಳ ಮೊಣಕೈಗೆ ಮಂಡಿಯಿಂದ ಗುದ್ದಿದ, ಒಂದು ಕೈ ಜಾರಿತು. ಅವಳ ಹುಬ್ಬಿನ ಕೂದಲು ಸುಟ್ಟ ವಾಸನೆ ನನಗೆ ಬಂತು. ಅಕ್ಕ ಕಿರುಚಲಿಲ್ಲ, ಉಸಿರು ಬಿಗಿ ಹಿಡಿದಿದ್ದಳು.

ನಾನು ಬಟ್ಟೆಯಲ್ಲಿ ಬೋಗುಣಿಯ ಕಂಠ ಹಿಡಿದು ಎತ್ತಿ, ಇದ್ದಷ್ಟೂ ಪಾಕವನ್ನು ಅವನ ಮುಖಕ್ಕೆ ಎರಚಿದೆ.

ಅವನು ಆ ಕ್ಷಣಕ್ಕೆ ತಲೆ ತಿರುಗಿಸಿದ್ದರಿಂದ ಅದು ಕಿವಿಯಿಂದ ಕೆಳಗೆ ಕತ್ತು, ಭುಜ, ತೋಳಿನ ಮೇಲೆ ಬಿತ್ತು. ಕುದಿಯುವ ನೀರಾಗಿದ್ದರೆ ಹರಿದು ಹೋಗುತ್ತಿತ್ತು. ಪಾಕ ಹಿಡಿದುಕೊಂಡಿತು. ಅವನು ಒರೆಸಿಕೊಳ್ಳಲು ಹೋದ, ಅಂಗೈಗೂ ಅಂಟಿತು. ಕಿತ್ತುಕೊಂಡರೆ ಜೊತೆಗೆ ಚರ್ಮ ಬಂತು. ಅವನು ಕೂಗಿದ್ದನ್ನು ಕೇಳಿ ಲಾಯದಲ್ಲಿ ಕುದುರೆಗಳು ಕಾಲು ಬಡಿಯತೊಡಗಿದವು. ಬಾಗಿಲು ಯಾವುದೆಂದು ಕಾಣದೆ ಗೋಡೆಗೆ ಹಾಯ್ದು ಬಿದ್ದ.

ಬೂಬಮ್ಮ ಕೊಡ ಹಿಡಿದು ಓಡಿ ಬಂದಳು. "ಯಾ ಅಲ್ಲಾ! ನೀರು, ನೀರು ಉಯ್ಯಿರಿ!" ನೀರು ಬಿದ್ದ ಕೂಡಲೇ ಪಾಕ ಅವನ ಮೈಮೇಲೆಯೇ ಗಾಜಿನ ಹಾಗೆ ಗಟ್ಟಿಯಾಯಿತು. ಅದನ್ನು ಚೂರು ಚೂರಾಗಿ ಬಿಡಿಸಿದವಳು ಅಕ್ಕ. ಅವಳ ಬಲಗಣ್ಣಿನ ಸುತ್ತ ಬೊಬ್ಬೆ ಎದ್ದಿತ್ತು. ನನ್ನ ಕೈಯಲ್ಲಿ ಬೋಗುಣಿ ಇನ್ನೂ ಇತ್ತು. ಅವಳು ಒಂದೇ ಸಲ ನನ್ನ ಕಡೆ ನೋಡಿ, "ಅದ ಕೆಳಗಿಡು" ಅಂದಳು.

ಮಾರನೆಯ ದಿನ ದೊರೆ ನಮ್ಮನ್ನು ಬಂಗಲೆಯ ಜಗಲಿಯ ಮುಂದೆ ನಿಲ್ಲಿಸಿದ. ದೊರೆಸಾನಿಯೂ ಬಂದು ಕೂತಿದ್ದರು. ಭಾವನನ್ನು ಆಳುಗಳು ಹಿಡಿದು ತಂದಿದ್ದರು, ಮೈಗೆ ಬಾಳೆ ಎಲೆ ಸುತ್ತಿತ್ತು.

"ಯಾರು ಮಾಡಿದ್ದು?" ದೊರೆ ಕೇಳಿದ.

"ನಾನು ಬುದ್ಧಿ" ಅಂದಳು ಅಕ್ಕ, ನಾನು ಬಾಯಿ ತೆರೆಯುವ ಮೊದಲೇ.

"ಇಲ್ಲ ಬುದ್ಧಿ, ಪಾಕ ಎರಚಿದ್ದು ನಾನು. ಅಕ್ಕನ ಕೈ ಒಲೆ ಮೇಲಿದ್ವು, ನೋಡಿ ಅವಳ ಮುಖ" ಅಂದೆ.

"ಅವಳ ಮಾತ ಕೇಳ್ಬ್ಯಾಡಿ. ಗಂಡ ಸತ್ತ ಎಣ್ಣು, ಎಲ್ಲಿಗೋಯ್ತಾಳೆ? ನಾನೇ ಉಯ್ದೆ. ಜೈಲಿಗೆ ಆಕೋದಾದ್ರೆ ನನ್ನ ಆಕಿ."

ದೊರೆ ಭಾವನ ಕಡೆ ತಿರುಗಿದ. ಭಾವ ನೆಲ ನೋಡುತ್ತಾ ನಿಂತಿದ್ದ. ತುಟಿ ಆಡಿಸಲೂ ನೋಯುತ್ತಿದ್ದವನ ಹಾಗೆ ಹೇಳಿದ: "ಯಾರೂ ಇಲ್ಲ ಬುದ್ಧಿ. ನನ್ನ ಕಾಲು ತಾಕಿ ಬೋಗುಣಿ ಉಳ್ಳೋಯ್ತು."

ಹೆಂಗಸಿನಿಂದ, ಅದರಲ್ಲೂ ಮನೆಯಲ್ಲಿ ಅನ್ನ ತಿನ್ನುತ್ತಿದ್ದ ನಾದಿನಿಯಿಂದ ಸುಡಿಸಿಕೊಂಡೆ ಅಂತ ಆಳುಗಳ ಮುಂದೆ ಹೇಳಿಕೊಳ್ಳುವುದು ಅವನಿಂದ ಆಗಲಿಲ್ಲ. ನಮ್ಮ ಮೇಲಿನ ಕರುಣೆ ಅಲ್ಲ ಅದು. ಒಬ್ಬರ ಮಾತೂ ಇನ್ನೊಬ್ಬರದಕ್ಕೆ ಹೊಂದದೆ ದೊರೆ ಕೆಂಪಾಗಿ ಒಳಗೆ ಹೋದ. ದೊರೆಸಾನಿ ಮಾತ್ರ ಕೆಳಗಿಳಿದು ಬಂದು ಅಕ್ಕನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಅವತ್ತೇ ನಮಗಿಬ್ಬರಿಗೂ ಅಡುಗೆಮನೆಯ ಹಿಂದಿನ ಕೋಣೆ ಕೊಡಿಸಿದರು. ಒಳಗಡೆಯಿಂದ ಚಿಲಕ ಇದ್ದ ಕೋಣೆ.

ಆದರೂ ಅಕ್ಕ ದಿನಾ ಹೋಗಿ ಅವನ ಗಾಯಕ್ಕೆ ಮದ್ದು ಹಚ್ಚಿ ಬರುತ್ತಿದ್ದಳು. ಸುಣ್ಣದ ತಿಳಿನೀರಿಗೆ ಕೊಬ್ಬರಿ ಎಣ್ಣೆ ಹಾಕಿ ಕಡೆದರೆ ಬೆಣ್ಣೆಯ ಹಾಗೆ ಬರುತ್ತದೆ. ಬೂಬಮ್ಮ ಹೇಳಿಕೊಟ್ಟ ಮದ್ದು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ಸಾಯ್ಲಿ ಬುಡು. ನಿನ್ನ ಮುಖ ಸುಡಕ್ಕೋದೋನು" ಅಂದೆ.

"ಸತ್ರೆ ನೀನು ಕೊಲೆಗಾತಿ ಆಯ್ತೀಯೆ ಕಣಮ್ಮಿ. ಅದಕ್ಕೇ ಓಯ್ತೀನಿ" ಅಂದಳು.

ಅವಳು ನಮ್ಮ ಹಳೆಯ ಮನೆಯನ್ನು ಬಳಿಯಲು ಹೋದಾಗ ನಾನೂ ಜೊತೆಗಿದ್ದೆ. ಗೋಡೆಯ ಮೇಲೆ ಪಾಕ ಸಿಡಿದು ಗಟ್ಟಿಯಾಗಿತ್ತು, ಅದಕ್ಕೆ ಓಟ್ಸ್ ಕಾಳು ಹತ್ತಿಕೊಂಡಿದ್ದವು. ಅಕ್ಕ ಸೌಟಿನ ಹಿಡಿಯಿಂದ ಕೆರೆದಳು. ಬರಲಿಲ್ಲ. ಒಂದು ಚೂರು ಕಿತ್ತು, ಹಲ್ಲಿಲ್ಲದ ಕಡೆ ಬಿಟ್ಟು ಪಕ್ಕದ ಹಲ್ಲಿನಲ್ಲಿ ಕಚ್ಚಿ ನೋಡಿ, "ಒಸಿ ಮುಂದಕ್ಕೆ ಓಗ್ಬುಟ್ಟೈತೆ. ಇದಕ್ಕಿಂತ ಮೊದ್ಲೇ ಇಳಿಸ್ಬೇಕು" ಅಂದಳು. ನಾನು ಅಲ್ಲೇ ಕುಕ್ಕರಿಸಿ ಕೂತು ವಾಂತಿ ಮಾಡಿಕೊಂಡೆ. ಅವಳು ನನ್ನ ಬೆನ್ನು ನೀವಿದಳು.

ಅದಾದ ಕೆಲವು ದಿನಕ್ಕೇ ಬಿಲ್ಲೆ ಕೂಡಿತು. ಓಟ್ಸನ್ನು ಹುರಿದು ಮುಕ್ಕಾಲು ಪಾಲು ತರಿಯಾಗಿ, ಕಾಲು ಪಾಲು ಹಿಟ್ಟಾಗಿ ಮಾಡಿದಳು. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಡಿದಾಗ ಅದು ಮೆತ್ತನೆಯ ಉಂಡೆಯಾಗಬೇಕು, ಗಟ್ಟಿಯಾಗಬಾರದು. ಅಲ್ಲಿಗೆ ಇಳಿಸಿ ಬೆಣ್ಣೆ ಹಾಕಿದಳು. ಕಲಸಿದ್ದನ್ನು ತಟ್ಟೆಗೆ ಹಾಕಿ ಚೊಂಬಿನ ತಳದಿಂದ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಗೂಡಿನಿಂದ ತೆಗೆದ ಮೇಲೆ ಉಗುರುಬೆಚ್ಚಗಿರುವಾಗ ಕತ್ತಿಯಿಂದ ಗೆರೆ ಮಾತ್ರ ಎಳೆದು, ಪೂರಾ ಆರುವವರೆಗೆ ಯಾರನ್ನೂ ಮುಟ್ಟಗೊಡಲಿಲ್ಲ. ಸಂಜೆ ಒಂದು ಬಿಲ್ಲೆಯನ್ನು ಎತ್ತಿ ಕಲ್ಲುಚಪ್ಪಡಿಯ ಮೇಲೆ ಬೀಳಿಸಿದಳು. ಒಂದು ಮೂಲೆ ಕೂಡ ಮುಕ್ಕಾಗಲಿಲ್ಲ. ದೊರೆಸಾನಿ ತಾವೇ ಡಬ್ಬಿ ತುಂಬಿದರು. ಆ ಡಬ್ಬಿ ಇಡಿಯಾಗಿ ತಲುಪಿತೆಂದು ತಿಂಗಳುಗಳ ಮೇಲೆ ಅಡುಗೆಮನೆಗೆ ಬಂದು ಹೇಳಿದರು. ಆಮೇಲೆ ಬಹಳ ಡಬ್ಬಿಗಳು ಹೋದವು.

ಭಾವ ಬದುಕಿದ. ಕತ್ತಿನ ಚರ್ಮ ಸೆಳೆದುಕೊಂಡು ತಲೆ ಒಂದು ಪಕ್ಕಕ್ಕೆ ವಾಲಿತ್ತು, ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಹೊಸ ಕುದುರೆಗಳ ಹತ್ತಿರ ಹೋಗಲು ಹೆದರತೊಡಗಿದ. ವಾಸಿಯಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಕೋಣೆಯ ಬಾಗಿಲನ್ನು ಒದ್ದು, "ಆಚೆ ಬಾರ್ಲೇ, ಮನೇಗೆ ನಡಿ" ಅಂತ ಅಕ್ಕನನ್ನು ಕೂಗಿದ. ಅಕ್ಕ ಚಿಲಕ ತೆಗೆಯದೆ ಒಳಗಿನಿಂದಲೇ, "ನಿಮ್ಮ ಗಾಯ ತೊಳ್ದಿದ್ದು ಆಯ್ತು. ಇನ್ನು ಬರಾಕಿಲ್ಲ" ಅಂದಳು. ಅವನು ಬಲಗೈಯಲ್ಲಿ ಕಲ್ಲು ಎತ್ತಿ ಬಾಗಿಲಿಗೆ ಹಾಕಿದ. ಹಲಗೆ ಸೀಳಿತು. ಬಟ್ಲರನೂ ಲಾಳದ ಸಾಹೇಬರೂ ಬಂದು ಅವನನ್ನು ಕೆಡವಿ, ಕೈ ಕಟ್ಟಿ ಎಳೆದುಕೊಂಡು ಹೋದರು. ಸಾಹೇಬರು ಅವನ ಮೂಗು ಒಡೆದಿದ್ದರು. ಆಮೇಲೊಂದು ದಿನ, ಭಾವ ಕಬ್ಬಾಳಿಗೆ ಹೋಗಿ ಅಲ್ಲಿನ ದೇವಿಗೆ ಹರಕೆ ಒಪ್ಪಿಸಿ ಬಂದ, ಇನ್ನು ಹೊಡೆಯುವುದಿಲ್ಲ ಅನ್ನುತ್ತಾನೆ ಅಂತ ಯಾರೋ ಸುದ್ದಿ ತಂದರು. ಅಕ್ಕ ಅದಕ್ಕೂ ಹೋಗಲಿಲ್ಲ.

ಕೊನೆಗೆ ದೊರೆ ಅವನನ್ನು ಕುದುರೆಗಳ ಜೊತೆಗೇ ದಂಡಿಗೆ ಕಳಿಸಿದ. ಹಡಗಿನಲ್ಲಿ ಕುದುರೆ ನೋಡಿಕೊಳ್ಳುವ ಆಳುಗಳು ಬೇಕಾಗಿದ್ದರಂತೆ. ಸ್ಟೇಷನ್ನಿಗೆ ಹೊರಡುವ ಬೆಳಿಗ್ಗೆ ನಾನು ಬಾವಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದೆ. ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ. ವಾಲಿದ ಕತ್ತಿನಿಂದಾಗಿ ನನ್ನನ್ನು ನೋಡಲು ಇಡೀ ಮೈಯನ್ನೇ ತಿರುಗಿಸಬೇಕಾಯಿತು.

"ನೀನು ಎರಚಿದ್ದು ಕಣ್ಣಿಗೆ ಬೀಳ್ಲಿಲ್ಲ. ಬಿದ್ದಿದ್ರೆ ನಿನ್ನ ಉಳಿಸ್ತಿರ್ಲಿಲ್ಲ" ಅಂದ.

"ಕಣ್ಣಿಗೇ ಎರಚಿದ್ದು ಬಾವ. ನೀವು ತಲೆ ತಿರುಗಿಸಿದ್ರಿ" ಅಂದೆ.

ಅವನು ಮತ್ತೆ ಇಡೀ ಮೈ ತಿರುಗಿಸಿ ಹೊರಟುಹೋದ. ಅವತ್ತು ನನಗಿದ್ದ ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಆದರೆ ಹೇಳಿದ ಮಾತು ನಿಜ. ಅದಕ್ಕಾಗಿ ನಾನು ಆಗಲೂ ಅಳಲಿಲ್ಲ, ಈಗಲೂ ಅಳುವುದಿಲ್ಲ.

ಯುದ್ಧ ಮುಗಿಯುವ ಮೊದಲೇ ದೊರೆಸಾನಿಯ ಮಗ ಸತ್ತ ಸುದ್ದಿ ಬಂತು. ಗುಂಡಲ್ಲ, ಫಿರಂಗಿಯ ಶೆಲ್ಲು, ಹೂಳಲು ಪೂರಾ ಮೈ ಸಿಗಲಿಲ್ಲ ಅಂತ ಬಟ್ಲರ ಹೇಳಿದ. ಅವತ್ತು ಗೂಡಿನಲ್ಲಿ ಒಂದು ತಟ್ಟೆ ಬೇಯುತ್ತಿತ್ತು. ದೊರೆಸಾನಿ ಅಡುಗೆಮನೆಗೆ ಬಂದು ಬರಿಗೈಯಲ್ಲೇ ಅದನ್ನು ಹೊರಗೆಳೆದರು. ಅಂಗೈ ಸುಟ್ಟುಹೋಯಿತು. ಅಕ್ಕ ಅವರ ಕೈಯನ್ನು ಕೊಳಗದ ನೀರಿನಲ್ಲಿ ಅದ್ದಿ ಹಿಡಿದುಕೊಂಡಳು. ಇಬ್ಬರೂ ನೆಲದ ಮೇಲೆ ಹಾಗೇ ಕೂತಿದ್ದರು. ಆ ವರ್ಷವೇ ಅವರು ಬಂಗಲೆ ಬಿಟ್ಟು ತಮ್ಮ ದೇಶಕ್ಕೆ ಹೋದರು.

ನಾವು ಬೂಬಮ್ಮನ ಬೆನ್ನು ಹಿಡಿದು ಚನ್ನಪಟ್ಟಣಕ್ಕೆ ಬಂದೆವು. ಅವಳ ತವರಿನವರ ರೇಷ್ಮೆ ಭಟ್ಟಿಯಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಕೂತೆವು. ಕುದಿಯುವ ನೀರಿನಲ್ಲಿ ಬೆರಳಾಡಿಸುವ ಕೆಲಸ. ಓಟ್ಸ್ ಮತ್ತೆ ಕಣ್ಣಿಗೆ ಬೀಳಲಿಲ್ಲ. ಅಕ್ಕ ಒಂದೆರಡು ಸಲ ಗಟ್ಟಿ ಅವಲಕ್ಕಿಯಲ್ಲಿ ಮಾಡಿ ನೋಡಿದಳು. ಚೆನ್ನಾಗಿಯೇ ಕೂಡಿತು, ಕೇರಿಯ ಮಕ್ಕಳು ಮುಗಿಬಿದ್ದು ತಿಂದರು. ಅವಳಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. "ಓಟ್ಸಿನ ರುಚಿ ಇಲ್ಲ" ಅಂದಳು.

ಭಾವ ತಿರುಗಿ ಬರಲಿಲ್ಲ. ಬಸ್ರಾ ಕಡೆ ಹೋದ ಹಡಗಿನಲ್ಲಿದ್ದ ಅಂದವರುಂಟು, ಬೊಂಬಾಯಿಯಲ್ಲೇ ತಪ್ಪಿಸಿಕೊಂಡ ಅಂದವರೂ ಉಂಟು. ಸತ್ತನೆಂದು ಯಾರೂ ಹೇಳಲಿಲ್ಲ. ಅಕ್ಕ ಅವನ ಹೆಸರೆತ್ತುತ್ತಿರಲಿಲ್ಲ, ತಾಳಿಯನ್ನೂ ತೆಗೆಯಲಿಲ್ಲ. ಅವಳು ಹೋದ ಮೇಲೆ ಹೆಣಕ್ಕೆ ಕುಂಕುಮ ಇಡಬೇಕೋ ಬೇಡವೋ ಅಂತ ಕೇರಿಯ ಹೆಂಗಸರು ನನ್ನ ಮುಖ ನೋಡಿದರು. ಇಡಿ ಅಂದೆ. ನಾನು ಇಡುವ ಹಾಗಿರಲಿಲ್ಲ. ಎದುರುಮನೆಯ ಸೊಸೆ ಬಂದು, ಅಕ್ಕನ ಬಲಹುಬ್ಬಿನ ಮೇಲಿದ್ದ ಹಳೆಯ ಸುಟ್ಟ ಕಲೆಯನ್ನು ಬೆರಳಿಂದ ಒಮ್ಮೆ ಸವರಿ, ಅಗಲವಾಗಿ ಇಟ್ಟಳು.